ಪಕ್ಕದವರು ಏನು ಮಾಡ್ತಾರೆ? ಅಡಿಕೆ, ಬಲೆ ಮತ್ತು ಗಜನಿ ಕಟ್ಟೆಯ ಲೆಕ್ಕ

ಶಿರಸಿ ಕಡೆಯ ತೋಟಗಾರರಿಗೆ ಪ್ರತಿ ವರ್ಷ ಒಂದು ತೀರ್ಮಾನ ಕಾದಿರುತ್ತದೆ. ಅಡಿಕೆಯನ್ನು ಹಸಿರಿದ್ದಾಗಲೇ ಕೊಯ್ದು, ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕಂದು ರಸದಲ್ಲಿ) ಬೇಯಿಸಿ ಕೆಂಪಡಿಕೆ ಮಾಡಬೇಕೋ? ಅಥವಾ ಮರದಲ್ಲೇ ಹಣ್ಣಾಗಲು ಬಿಟ್ಟು, ಅಂಗಳದಲ್ಲಿ ತಿಂಗಳಿಗೂ ಜಾಸ್ತಿ ಒಣಗಿಸಿ ಚಾಲಿ ಮಾಡಬೇಕೋ? ರಾಶಿಗೆ, ಅಂದರೆ ಕೆಂಪಡಿಕೆಗೆ ಒಂದು ದರ, ಚಾಲಿಗೆ ಇನ್ನೊಂದು. ಯಾವುದು ಲಾಭ ಎನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಕೊನೆಗೌಡ ಮರ ಹತ್ತುವ ಹೊತ್ತಿಗೆ ಮನೆಯಲ್ಲಿ ತೀರ್ಮಾನ ಆಗಿರಬೇಕು. ದರ ತಿಳಿಯುವುದು ಮಾತ್ರ ತಿಂಗಳುಗಳು ಕಳೆದು, ಮಾರುಕಟ್ಟೆಯಲ್ಲಿ ಟೆಂಡರ್ ತೆರೆದ ಮೇಲೆ.

ಹಾಗಾದರೆ ತೀರ್ಮಾನ ಯಾವುದರ ಮೇಲೆ ನಿಂತಿದೆ? ಇನ್ನೂ ಹುಟ್ಟದ ದರದ ಬಗ್ಗೆ ಇರುವ ಅಂದಾಜಿನ ಮೇಲೆ. ಆ ದರವಾದರೂ ಎಲ್ಲಿಂದ ಬರುತ್ತದೆ? ಉಳಿದ ತೋಟಗಾರರು ಏನು ಮಾಡುತ್ತಾರೆ ಎನ್ನುವುದರಿಂದ. ಎಲ್ಲರೂ ಕೆಂಪಡಿಕೆಗೆ ತಿರುಗಿದರೆ ಚಾಲಿ ಕಡಿಮೆಯಾಗಿ ಅದರ ದರ ಏರಬಹುದು. ಹಾಗೆಂದು ಎಲ್ಲರೂ ಎಣಿಸಿ ಚಾಲಿ ಮಾಡಿದರೆ? ಅಂದರೆ ಪ್ರತಿಯೊಬ್ಬರೂ ಮಾಡುತ್ತಿರುವುದು ಬೇರೆಯವರ ಅಂದಾಜಿನ ಬಗ್ಗೆ ಒಂದು ಅಂದಾಜು.

ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1936ರಲ್ಲೇ ಇದನ್ನು ಹೇಳಿದ್ದರು. ಆಗಿನ ಪತ್ರಿಕೆಗಳಲ್ಲಿ ಒಂದು ಸ್ಪರ್ಧೆ ಇರುತ್ತಿತ್ತು. ನೂರು ಫೋಟೊಗಳಲ್ಲಿ ಚೆಂದದ ಆರು ಮುಖ ಆರಿಸಬೇಕು. ಯಾರ ಆಯ್ಕೆ ಎಲ್ಲರ ಸರಾಸರಿ ಆಯ್ಕೆಗೆ ಹತ್ತಿರವೋ ಅವರಿಗೆ ಬಹುಮಾನ. ಗೆಲ್ಲಬೇಕೆಂದವರು ತಮಗೆ ಚೆಂದ ಕಂಡ ಮುಖವನ್ನು ಆರಿಸುವುದಿಲ್ಲ. ಬೇರೆಯವರಿಗೆ ಯಾವುದು ಚೆಂದ ಕಾಣಬಹುದು ಎಂದು ಯೋಚಿಸುತ್ತಾರೆ. ಇನ್ನೂ ಚುರುಕಾದವರು, ಬೇರೆಯವರು ಏನೆಂದು ಊಹಿಸಬಹುದು ಎನ್ನುವುದನ್ನು ಊಹಿಸುತ್ತಾರೆ. ಕೇನ್ಸ್ ಹೇಳಿದ್ದು ಷೇರುಪೇಟೆಯ ಬಗ್ಗೆ. ಅಡಿಕೆ ವಖಾರಿಗೂ ಅದು ಅಷ್ಟೇ ಸರಿ ಹೊಂದುತ್ತದೆ.

ಹೊಸ ತೋಟ ಹಾಕುವವರ ಕಷ್ಟ ಇನ್ನೂ ದೊಡ್ಡದು. ಸಸಿ ನೆಟ್ಟರೆ ಫಸಲು ಕಾಣಲು ಐದರಿಂದ ಏಳು ವರ್ಷ ಬೇಕು. ಇವತ್ತಿನ ಒಳ್ಳೆಯ ದರ ನೋಡಿ ಗದ್ದೆಯನ್ನು ತೋಟ ಮಾಡಿದವರು, ಆ ದರ ಏಳು ವರ್ಷದ ನಂತರವೂ ಇರುತ್ತದೆ ಎಂದು ನಂಬಿದ್ದಾರೆ ಎಂದಾಯಿತು. ಎಲ್ಲರೂ ಹಾಗೇ ನಂಬಿ ನೆಟ್ಟರೆ ಫಸಲೆಲ್ಲ ಒಟ್ಟಿಗೇ ಮಾರುಕಟ್ಟೆಗೆ ಬಂದು ದರ ಕುಸಿಯುತ್ತದೆ. ಆಗ ಆರೈಕೆ ಬಿಡುತ್ತಾರೆ, ಫಸಲು ಇಳಿಯುತ್ತದೆ, ದರ ಮತ್ತೆ ಏರುತ್ತದೆ. ಕೃಷಿ ಬೆಲೆಗಳ ಈ ಸುತ್ತನ್ನು 1938ರಲ್ಲಿ ಮೊರ್ಡೆಕೈ ಎಜೆಕಿಯಲ್ ವಿವರವಾಗಿ ಬರೆದರು. ರೈತರು ಪ್ರತಿ ಸಲವೂ ಹೀಗೆ ಮೋಸ ಹೋಗುತ್ತಾರಾ, ಅನುಭವದಿಂದ ಕಲಿಯುವುದಿಲ್ವಾ ಎಂದು 1961ರಲ್ಲಿ ಜಾನ್ ಮೂತ್ ಪ್ರಶ್ನೆ ಎತ್ತಿದರು. ಜನ ತಮಗೆ ಸಿಗುವ ಮಾಹಿತಿಯನ್ನೆಲ್ಲ ಬಳಸಿಯೇ ಅಂದಾಜು ಮಾಡುತ್ತಾರೆ ಎನ್ನುವ ಆ ವಾದವನ್ನು ಬೆಳೆಸಿದ ರಾಬರ್ಟ್ ಲೂಕಸ್‌ಗೆ 1995ರಲ್ಲಿ ನೊಬೆಲ್ ಬಂತು. ನನಗನಿಸುವುದು, ಎರಡರಲ್ಲೂ ಅರ್ಧರ್ಧ ನಿಜವಿದೆ. ತೋಟಗಾರರು ಖಂಡಿತ ಕಲಿಯುತ್ತಾರೆ. ಆದರೆ ಏಳು ವರ್ಷಕ್ಕೊಮ್ಮೆ ಉತ್ತರ ಸಿಗುವ ಪರೀಕ್ಷೆಯಲ್ಲಿ ಒಂದು ಜೀವಮಾನಕ್ಕೆ ಎಷ್ಟು ಪಾಠ ಸಿಕ್ಕೀತು?

ಅಂದಾಜು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಲಾಭ ಯಾವುದು, ನಷ್ಟ ಯಾವುದು ಎಂದು ಗೆರೆ ಎಳೆಯುವುದೇ ಅದು. ಒಬ್ಬರು ಕ್ವಿಂಟಲಿಗೆ 40 ಸಾವಿರ ಸಿಗಬಹುದು ಎಂದುಕೊಂಡಿದ್ದರು, ಇನ್ನೊಬ್ಬರು 33 ಸಾವಿರ ಎಂದುಕೊಂಡಿದ್ದರು ಎನ್ನೋಣ. ಇಬ್ಬರಿಗೂ 37 ಸಾವಿರ ಸಿಕ್ಕಿತು. ಕೈಗೆ ಬಂದ ಹಣ ಒಂದೇ. ಮೊದಲನೆಯವರ ಮನೆಯಲ್ಲಿ ನಷ್ಟದ ಮಾತು, ಎರಡನೆಯವರ ಮನೆಯಲ್ಲಿ ಸಂತೋಷ. ಮೊದಲನೆಯವರು ಚೀಲವನ್ನು ವಾಪಸ್ ಒಳಗಿಟ್ಟು ಕಾಯಲೂಬಹುದು. ಸಾಲದ ಬಡ್ಡಿ ಏರುತ್ತಿದ್ದರೂ ಕಾಯುತ್ತಾರೆ. ಯಾಕೆಂದರೆ ಈಗ ಮಾರಿದರೆ ಸೋತಂತೆ. ನಷ್ಟದ ನೋವು ಅಷ್ಟೇ ಮೊತ್ತದ ಲಾಭದ ಖುಷಿಗಿಂತ ದೊಡ್ಡದು ಎಂದು ಡೇನಿಯಲ್ ಕಾನೆಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲಿ ತೋರಿಸಿದರು. ಆ ನಷ್ಟವನ್ನು ಎಲ್ಲಿಂದ ಅಳೆಯುತ್ತೇವೆ ಎಂಬ ಪ್ರಶ್ನೆಗೆ, ನಾವು ನಿರೀಕ್ಷಿಸಿದ್ದ ಮಟ್ಟದಿಂದ ಎಂದು 2006ರಲ್ಲಿ ಬೊಟೊಂಡ್ ಕೊಸೆಗಿ ಮತ್ತು ಮ್ಯಾಥ್ಯೂ ರಾಬಿನ್ ಉತ್ತರಿಸಿದರು.

ಇಲ್ಲಿಯವರೆಗಿನದು ಮನುಷ್ಯ ಮತ್ತು ದರದ ನಡುವಿನ ಕಥೆ. ಮನುಷ್ಯ ಮತ್ತು ಮನುಷ್ಯರ ನಡುವೆ ಏನಾಗುತ್ತದೆ ಎನ್ನುವುದು ನನಗೆ ಇದಕ್ಕಿಂತ ಮುಖ್ಯ.

ಒಂದು ಆಟ ನೋಡೋಣ. ಕಾರವಾರದ ಇಬ್ಬರು ಅಪರಿಚಿತರನ್ನು ಕರೆದು, ಮೊದಲನೆಯವರ ಕೈಯಲ್ಲಿ ಸಾವಿರ ರೂಪಾಯಿ ಇಡುತ್ತೇವೆ. ಅದರಲ್ಲಿ ಎಷ್ಟು ಇಟ್ಟುಕೊಳ್ಳಬೇಕು, ಎಷ್ಟು ಕೊಡಬೇಕು ಎಂದು ಅವರೇ ಹೇಳಬೇಕು. ಎರಡನೆಯವರು ಒಪ್ಪಿದರೆ ಇಬ್ಬರಿಗೂ ಅವರವರ ಪಾಲು. ಒಪ್ಪದಿದ್ದರೆ ಇಬ್ಬರಿಗೂ ಏನೂ ಇಲ್ಲ. ಚೌಕಾಶಿ ಇಲ್ಲ, ಎರಡನೇ ಅವಕಾಶವೂ ಇಲ್ಲ. ಬರೀ ಹಣದ ಲೆಕ್ಕ ಹಾಕುವವರಾದರೆ ಎರಡನೆಯವರು ಹತ್ತು ರೂಪಾಯಿಗೂ ಒಪ್ಪಬೇಕು. ಶೂನ್ಯಕ್ಕಿಂತ ಹತ್ತು ಜಾಸ್ತಿ ಅಲ್ವಾ?

1982ರಲ್ಲಿ ಜರ್ಮನಿಯ ವರ್ನರ್ ಗ್ಯೂಟ್ ಮತ್ತು ಜೊತೆಗಾರರು ಈ ಆಟದ ಫಲಿತಾಂಶ ಪ್ರಕಟಿಸಿದರು. ಆಮೇಲೆ ಹತ್ತಾರು ದೇಶಗಳಲ್ಲಿ ಇದನ್ನು ಆಡಿಸಿದ್ದಾರೆ. ಸಾಮಾನ್ಯವಾಗಿ ಮೊದಲನೆಯವರು 40ರಿಂದ 50 ಶೇಕಡಾ ಕೊಡುತ್ತಾರೆ. 20 ಶೇಕಡಾಕ್ಕಿಂತ ಕಡಿಮೆ ಕೊಟ್ಟರೆ ಸುಮಾರು ಅರ್ಧದಷ್ಟು ಜನ ಬೇಡ ಎನ್ನುತ್ತಾರೆ. ತಮ್ಮ ಕೈಯ ಹಣ ಹೋದರೂ ಚಿಂತೆಯಿಲ್ಲ, ಈ ಅನ್ಯಾಯಕ್ಕೆ ನಾನು ತಲೆಯಾಡಿಸುವುದಿಲ್ಲ ಎನ್ನುವ ಹಟ ಅದು. ಬೇರೆಯವರಿಗೆ ಎಷ್ಟು ಸಿಗುತ್ತದೆ, ಹೇಗೆ ಸಿಗುತ್ತದೆ ಎನ್ನುವುದೂ ನಮ್ಮ ಸುಖದುಃಖದ ಲೆಕ್ಕದಲ್ಲಿ ಸೇರಿರುತ್ತದೆ. ಇದನ್ನೇ ಸಾಮಾಜಿಕ ಒಲವು ಎನ್ನುತ್ತಾರೆ. ನ್ಯಾಯದ ಆಸೆ, ಉಪಕಾರ ತೀರಿಸುವ ಆಸೆ, ಸೇಡಿನ ಆಸೆ ಎಲ್ಲ ಇದರೊಳಗೆ ಬರುತ್ತವೆ.

ಈ ಒಲವು ಎಲ್ಲ ಕಡೆ ಒಂದೇ ಥರ ಇರುತ್ತದಾ? ಇಲ್ಲ. ಮಾನವಶಾಸ್ತ್ರಜ್ಞ ಜೋಸೆಫ್ ಹೆನ್ರಿಚ್ ಮತ್ತು ಸಂಗಡಿಗರು ಇದೇ ಆಟವನ್ನು 15 ಸಣ್ಣ ಸಮಾಜಗಳಲ್ಲಿ ಆಡಿಸಿ, 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಪೆರು ದೇಶದ ಕಾಡಿನಲ್ಲಿರುವ ಮಚಿಗೆಂಗಾ ಜನ ಸರಾಸರಿ ಕಾಲು ಭಾಗದಷ್ಟು ಮಾತ್ರ ಕೊಟ್ಟರು, ಪಡೆದವರು ಬಹುತೇಕ ಎಲ್ಲರೂ ಒಪ್ಪಿಕೊಂಡರು. ಅಲ್ಲಿ ಪ್ರತಿ ಕುಟುಂಬವೂ ತನ್ನಷ್ಟಕ್ಕೆ ಬದುಕುತ್ತದೆ. ಮನೆಯಾಚೆಯವರ ಜೊತೆ ಸೇರಿ ಮಾಡುವ ಕೆಲಸ ಕಡಿಮೆ. ಇಂಡೋನೇಷ್ಯಾದ ಲಮಲೇರಾ ಊರಿನವರು ಸರಾಸರಿ ಅರ್ಧಕ್ಕಿಂತ ಜಾಸ್ತಿಯೇ ಕೊಟ್ಟರು. ಅವರು ದೋಣಿಗಳಲ್ಲಿ ಗುಂಪಾಗಿ ಹೋಗಿ ತಿಮಿಂಗಿಲ ಹಿಡಿಯುವವರು. ಒಬ್ಬರಿಂದ ಆಗದ ಕೆಲಸ ಅದು. ಸಿಕ್ಕಿದ್ದನ್ನು ಹೇಗೆ ಹಂಚಬೇಕು ಎನ್ನುವುದಕ್ಕೆ ಅಲ್ಲಿ ಹಳೆಯ, ಬಿಗಿಯಾದ ಕಟ್ಟುಪಾಡು ಇದೆ.

ಲಮಲೇರಾದ ಬಗ್ಗೆ ಓದಿದಾಗ ನನಗೆ ನೆನಪಾಗುವುದು ನಮ್ಮ ಕರಾವಳಿಯ ರಂಪಣಿ. ದೋಣಿಯಲ್ಲಿ ಬಲೆ ಒಯ್ದು, ಅರ್ಧಚಂದ್ರದಂತೆ ಬಿಟ್ಟು, ಎರಡೂ ತುದಿಯನ್ನು ದಂಡೆಯಿಂದ ಎಳೆಯಬೇಕು. ಹತ್ತಾರು ಜನ ಒಟ್ಟಿಗೆ ಕೈ ಹಾಕದಿದ್ದರೆ ಬಲೆ ಅಲ್ಲಾಡುವುದಿಲ್ಲ. ಬಂಗಡೆ, ತಾರ್ಲೆ ಬಂದ ಮೇಲೆ ಬಲೆಗೆ ಇಷ್ಟು, ದೋಣಿಗೆ ಇಷ್ಟು, ಎಳೆದ ಕೈಗಳಿಗೆ ಇಷ್ಟು ಎಂದು ಪಾಲು. ಆ ಪಾಲಿನ ಮೇಲೆ ನಂಬಿಕೆ ಇದ್ದಿದ್ದರಿಂದಲೇ ನಸುಕಿನಲ್ಲಿ ಜನ ದಂಡೆಗೆ ಬರುತ್ತಿದ್ದರು. 1970ರ ದಶಕದ ಕೊನೆಯ ಭಾಗದಲ್ಲಿ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದವು, ರಂಪಣಿ ಹಿಂದೆ ಸರಿಯಿತು. ಹೊಸ ಬೋಟುಗಳಿಗೆ ಅಷ್ಟೊಂದು ಕೈಗಳು ಬೇಕಿರಲಿಲ್ಲ. ಸಣ್ಣ ಎಂಡಿ ಬಲೆ ಎಳೆಯುವವರು ಈಗಲೂ ದಂಡೆಯಲ್ಲಿ ಸಿಗುತ್ತಾರೆ. ಹೆನ್ರಿಚ್ ತಂಡ ಕಂಡುಕೊಂಡಿದ್ದೂ ಇದೇ ಜಾಡಿನದು. ದಿನದ ಬದುಕಿನಲ್ಲಿ ಜನ ಎಷ್ಟು ಕೂಡಿ ದುಡಿಯುತ್ತಾರೆ, ಮಾರುಕಟ್ಟೆಯಲ್ಲಿ ಅಪರಿಚಿತರ ಜೊತೆ ಎಷ್ಟು ವ್ಯವಹರಿಸುತ್ತಾರೆ, ಆಟದಲ್ಲೂ ಅಷ್ಟು ಸಮನಾಗಿ ಹಂಚುತ್ತಾರೆ. ಮನುಷ್ಯನ ಗುಣ ಎಂದು ನಾವು ಹೇಳುವುದರಲ್ಲಿ ದುಡಿಮೆಯ ರೀತಿಯ ಪಾಲು ಬಹಳ.

ಇನ್ನೊಂದು ವಿಚಿತ್ರ ಪಪುವಾ ನ್ಯೂಗಿನಿಯಲ್ಲಿ ಸಿಕ್ಕಿತು. ಅಲ್ಲಿನ ಔ ಮತ್ತು ಗ್ನೌ ಜನರಲ್ಲಿ ಕೆಲವರು ಅರ್ಧಕ್ಕಿಂತ ಜಾಸ್ತಿ ಕೊಟ್ಟರು, ಪಡೆಯಬೇಕಾದವರಲ್ಲಿ ಕೆಲವರು ಅದನ್ನೂ ಬೇಡ ಎಂದರು! ಹೊರಗಿನವರಿಗೆ ಇದು ಅರ್ಥವಾಗದು. ಮದುವೆ ಮನೆಯಲ್ಲಿ ಮುಯ್ಯಿ ಬರೆಸಿಕೊಂಡ ನಮ್ಮವರಿಗೆ ತಕ್ಷಣ ಅರ್ಥವಾಗುತ್ತದೆ. ದೊಡ್ಡ ಮುಯ್ಯಿ ತೆಗೆದುಕೊಂಡರೆ ದೊಡ್ಡದಾಗಿಯೇ ತೀರಿಸಬೇಕು. ಆ ಋಣ ಬೇಡ ಎನಿಸಿದರೆ ಉಡುಗೊರೆಯೂ ಬೇಡ.

ಇವೆಲ್ಲ ಸಣ್ಣ ಮೊತ್ತದ ಆಟ, ದೊಡ್ಡ ಹಣ ಎದುರಿಗಿದ್ದರೆ ಹಟ ಉಳಿಯುತ್ತದಾ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಈಶಾನ್ಯ ಭಾರತದ ಹಳ್ಳಿಗಳಲ್ಲಿ 20 ರೂಪಾಯಿಯಿಂದ 20,000 ರೂಪಾಯಿಯವರೆಗೆ ಇಟ್ಟು ಈ ಆಟ ಆಡಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಮೊತ್ತ ಏರಿದಂತೆ ತಿರಸ್ಕರಿಸುವವರು ಕಡಿಮೆಯಾದರು. ಅತಿ ದೊಡ್ಡ ಮೊತ್ತದಲ್ಲಿ ಬಹುತೇಕ ಎಲ್ಲರೂ ಸಿಕ್ಕಿದ್ದನ್ನು ಒಪ್ಪಿಕೊಂಡರು. ನ್ಯಾಯದ ಆಸೆಗೂ ಒಂದು ಬೆಲೆ ಇದೆ ಎಂದಾಯಿತು.

ಆದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಚರಿತ್ರೆ ಇದಕ್ಕೆ ಬೇರೆ ಸಾಕ್ಷಿ ಹೇಳುತ್ತದೆ. 1930ರ ದಶಕದ ಆರಂಭದಲ್ಲಿ ಅಂಕೋಲಾ ಮತ್ತು ಸಿದ್ದಾಪುರ ತಾಲೂಕಿನ ರೈತರು ಕರನಿರಾಕರಣೆಗೆ ಇಳಿದರು. ಬ್ರಿಟಿಷ್ ಸರ್ಕಾರ ಅವರ ಜಮೀನು, ಮನೆಯ ಸಾಮಾನು ಜಪ್ತಿ ಮಾಡಿ ಹರಾಜಿಗೆ ಇಟ್ಟಿತು. ಹರಾಜಿನಲ್ಲಿ ಕೊಂಡವರಿಗೆ ಊರಿನ ಬಹಿಷ್ಕಾರ. ಸಿದ್ದಾಪುರದ ಮಾವಿನಗುಂಡಿಯಲ್ಲಿ ಹೆಣ್ಣುಮಕ್ಕಳು ಅಂಥವರ ಮನೆಯ ಮುಂದೆಯೇ ಸತ್ಯಾಗ್ರಹ ಕುಳಿತರು. ಇಲ್ಲಿ ಪಣಕ್ಕಿದ್ದದ್ದು 20,000 ರೂಪಾಯಿಯ ಆಟವಲ್ಲ, ಹೊಟ್ಟೆ ಹೊರೆಯುವ ಭೂಮಿ. ಆದರೂ ಜನ ನಿಂತರು. ಹೇಗೆ? ನ್ಯಾಯದ ಮೇಲಿನ ಒಲವು ಒಂದು ಕಾರಣ. ಅದೊಂದೇ ಆಗಿದ್ದರೆ ಸಾಲುತ್ತಿರಲಿಲ್ಲ. ನನ್ನ ಭೂಮಿಯನ್ನು ಪಕ್ಕದವರು ಕೊಳ್ಳಲು ಹೋಗುವುದಿಲ್ಲ, ಅವರ ಭೂಮಿಯನ್ನು ನಾನು ಕೊಳ್ಳುವುದಿಲ್ಲ ಎಂದು ಅವರಿಗೂ ಗೊತ್ತಿದೆ ಎನ್ನುವ ಭರವಸೆ ಬೇಕಿತ್ತು. ಮಾವಿನಗುಂಡಿಯ ಹೆಣ್ಣುಮಕ್ಕಳು ಕಾಪಾಡಿದ್ದು ಆ ಭರವಸೆಯನ್ನು. ಕೊಂಡವರು ಸುಮ್ನೆ ದಕ್ಕಿಸಿಕೊಳ್ಳುವ ಹಾಗಿಲ್ಲ ಎಂದು ಎಲ್ಲರ ಕಣ್ಣಿಗೆ ಕಾಣುವಂತೆ ಮಾಡಿದರು.

ಒಲವು ಮತ್ತು ನಿರೀಕ್ಷೆ ಹೀಗೆ ಹೆಣೆದುಕೊಂಡಿರುತ್ತವೆ. ಆದರೂ ಬಿಡಿಸಿ ನೋಡಬೇಕು, ಯಾಕೆಂದರೆ ಎರಡಕ್ಕೂ ಮದ್ದು ಬೇರೆ ಬೇರೆ. ಮೊದಲಿನ ಆಟದಲ್ಲಿ ಅರ್ಧ ಕೊಟ್ಟವರು ಉದಾರಿಗಳಾ? ಅಥವಾ ಕಡಿಮೆ ಕೊಟ್ಟರೆ ಎದುರಿನವರು ತಿರಸ್ಕರಿಸಬಹುದು ಎಂಬ ಅಂಜಿಕೆಯಾ? ಇದನ್ನು ತಿಳಿಯಲು ಎದುರಿನವರ ಬೇಡ ಎನ್ನುವ ಹಕ್ಕನ್ನೇ ತೆಗೆದ ಆಟ ಮಾಡಿದರು. ಕೊಟ್ಟಷ್ಟು ಇಸಿದುಕೊಳ್ಳುವುದಷ್ಟೇ ಅವರ ಪಾಲು. ಆಗ ಕೊಡುವ ಮೊತ್ತ ಇಳಿಯಿತು. ಸೊನ್ನೆಗೆ ಇಳಿಯಲಿಲ್ಲ, ಸರಾಸರಿ ಕಾಲು ಭಾಗದ ಆಸುಪಾಸಿಗೆ ಬಂತು. ಹಾಗಾಗಿ ಮೊದಲಿನ ಅರ್ಧದಲ್ಲಿ ಒಂದು ಪಾಲು ಮನಸ್ಸಿನ ಒಳ್ಳೆಯತನ, ಇನ್ನೊಂದು ಪಾಲು ಎದುರಿನವರು ಏನು ಮಾಡಿಯಾರು ಎನ್ನುವ ಲೆಕ್ಕ.

ಈಗ ಕುಮಟಾ ಕಡೆಗೆ, ಅಘನಾಶಿನಿಯ ಅಳಿವೆಗೆ ಬರೋಣ. ಇಲ್ಲಿನ ಗಜನಿ ಗದ್ದೆಗಳಿಗೆ ಭರತದಲ್ಲಿ, ಅಂದರೆ ಕಡಲು ಉಬ್ಬಿದಾಗ, ಉಪ್ಪುನೀರು ನುಗ್ಗುತ್ತದೆ. ಆ ಉಪ್ಪನ್ನು, ಮಳೆಗಾಲದ ನೆರೆಯನ್ನು ತಾಳಿಕೊಂಡು ಬೆಳೆಯುವ ಕಗ್ಗ ಎನ್ನುವ ಭತ್ತ ಈ ನೆಲದ್ದು. ಗೊಬ್ಬರ ಬೇಡ, ಔಷಧಿ ಬೇಡ. ಬೇಕಾದ್ದು ಒಂದೇ, ಗದ್ದೆಯನ್ನು ನದಿಯಿಂದ ಕಾಯುವ ಕಟ್ಟೆ. ಕಟ್ಟೆ ಎಲ್ಲರದ್ದು. ಒಂದು ಕಡೆ ಒಡೆದರೆ ನೀರು ಬರೀ ಒಬ್ಬರ ಗದ್ದೆಗೆ ಹೋಗುವುದಿಲ್ಲ, ಇಡೀ ಗಜನಿಗೆ ಹೋಗುತ್ತದೆ. ಹಾಗಾಗಿ ನನ್ನ ಪಾಲಿನ ಕಟ್ಟೆಯನ್ನು ನಾನು ಎಷ್ಟು ಗಟ್ಟಿ ಮಾಡಿದರೂ, ಅತ್ಯಂತ ಬಡಕಲು ಜಾಗ ಎಷ್ಟು ತಾಳುತ್ತದೋ ಅಷ್ಟೇ ನನ್ನ ಬೆಳೆಗೆ ರಕ್ಷಣೆ.

ಇಂಥ ಸ್ಥಿತಿಯನ್ನೇ ಹೋಲುವ ಪ್ರಯೋಗವೊಂದು 1990ರಲ್ಲಿ ಅಮೆರಿಕದಿಂದ ಪ್ರಕಟವಾಯಿತು. ಮಾಡಿದವರು ವ್ಯಾನ್ ಹೈಕ್, ಬಟಾಲಿಯೊ ಮತ್ತು ಬೈಲ್. ಗುಂಪಿನ ಪ್ರತಿಯೊಬ್ಬರೂ 1ರಿಂದ 7ರ ಒಳಗೆ ಒಂದು ಸಂಖ್ಯೆ ಆರಿಸಬೇಕು. ಸಂಖ್ಯೆ ದೊಡ್ಡದಾದಷ್ಟು ಶ್ರಮದ ಖರ್ಚು ಜಾಸ್ತಿ. ಆದಾಯ ಮಾತ್ರ ಗುಂಪಿನಲ್ಲಿ ಎಲ್ಲಕ್ಕಿಂತ ಸಣ್ಣ ಸಂಖ್ಯೆ ಯಾವುದೋ ಅದರ ಮೇಲೆ. ಎಲ್ಲರೂ 7 ಹಾಕಿದರೆ ಎಲ್ಲರಿಗೂ ಅತಿ ಹೆಚ್ಚು ಲಾಭ. ಇಲ್ಲಿ ಮೋಸ ಮಾಡಿ ಗಳಿಸಲು ಏನೂ ಇಲ್ಲ. ಒಬ್ಬರ ಹಿತಕ್ಕೂ ಇನ್ನೊಬ್ಬರ ಹಿತಕ್ಕೂ ಜಗಳವೇ ಇಲ್ಲ. ಆದರೂ 14ರಿಂದ 16 ಜನರ ಗುಂಪುಗಳು ಕೆಲವೇ ಸುತ್ತಿನಲ್ಲಿ 1ಕ್ಕೆ ಕುಸಿದವು. ಇಬ್ಬರೇ ಆಡಿದಾಗ ಬಹುಪಾಲು ಜೋಡಿಗಳು 7ರಲ್ಲಿ ನಿಂತವು.

ಈ ಫಲಿತಾಂಶದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು ಅನಿಸುತ್ತದೆ ನನಗೆ. ಕುಸಿದ ಗುಂಪಿನಲ್ಲಿ ಸ್ವಾರ್ಥಿಗಳು ಇರಬೇಕಾದ ಅಗತ್ಯವೇ ಇರಲಿಲ್ಲ. ಹದಿನೈದು ಜನರಲ್ಲಿ ಯಾರೋ ಒಬ್ಬರು ಕಡಿಮೆ ಹಾಕಬಹುದು ಎಂಬ ಸಂಶಯ ಸಾಕಾಯಿತು. ಆ ಸಂಶಯದಿಂದ ಒಬ್ಬರು 5 ಹಾಕಿದರು, ಅದನ್ನು ನೋಡಿ ಉಳಿದವರು 4 ಹಾಕಿದರು. ಊರಿನ ಕಟ್ಟೆ ಕೆಲಸಕ್ಕೆ ಜನ ಬಾರದಿದ್ದಾಗ, ಕೆರೆ ಹೂಳು ಹಾಗೇ ಉಳಿದಾಗ, "ಕಾಲ ಕೆಟ್ಟೋಯ್ತು, ಜನರಿಗೆ ಮೊದಲಿನ ಮನಸ್ಸಿಲ್ಲ" ಎನ್ನುತ್ತೇವೆ. ಮನಸ್ಸು ಕೆಟ್ಟಿದೆಯೋ, ಒಬ್ಬರ ಮೇಲೊಬ್ಬರ ಅಂದಾಜು ಕೆಟ್ಟಿದೆಯೋ ಎಂದು ನಾವು ವಿಚಾರಿಸುವುದಿಲ್ಲ. ಬಾರದವರ ಮನೆಗೆ ಹೋಗಿ ಕೇಳಿದರೆ ಎಷ್ಟೋ ಸಲ ಸಿಗುವ ಉತ್ತರ, "ಯಾರೂ ಬರೂದಿಲ್ಲ ಅಂದ್ಕೊಂಡೆ."

ಸ್ವಾರ್ಥಕ್ಕೆ ನಿಜವಾಗಿಯೂ ಜಾಗ ಇರುವ ಆಟವೂ ಇದೆ. ನಾಲ್ಕು ಜನ, ಪ್ರತಿಯೊಬ್ಬರಿಗೂ 20 ರೂಪಾಯಿ. ಎಷ್ಟು ಬೇಕಾದರೂ ಸಾಮಾನ್ಯ ಹುಂಡಿಗೆ ಹಾಕಬಹುದು. ಹುಂಡಿಯ ಪ್ರತಿ ರೂಪಾಯಿಯೂ 1.60 ಆಗಿ ನಾಲ್ವರಿಗೂ ಸಮನಾಗಿ ಹಂಚಿಕೆಯಾಗುತ್ತದೆ. ಎಲ್ಲರೂ 20 ಹಾಕಿದರೆ ಎಲ್ಲರಿಗೂ 32. ಆದರೆ ನಾನು ಹಾಕಿದ ಒಂದು ರೂಪಾಯಿಯಿಂದ ನನಗೆ ವಾಪಸ್ ಬರುವುದು 40 ಪೈಸೆ. ಬೇರೆಯವರು ಹಾಕಲಿ, ನಾನು ಇಟ್ಟುಕೊಳ್ಳುತ್ತೇನೆ ಎನ್ನುವ ಆಸೆ ಹುಟ್ಟುವುದು ಇಲ್ಲಿ. ಈ ಆಟ ಶುರುವಾದಾಗ ಜನ ಸರಾಸರಿ ಅರ್ಧದಷ್ಟು ಹಾಕುತ್ತಾರೆ. ಹತ್ತನೇ ಸುತ್ತಿನ ಹೊತ್ತಿಗೆ ಹುಂಡಿ ಬಹುಪಾಲು ಖಾಲಿ.

ಯಾಕೆ ಹೀಗಾಗುತ್ತದೆ ಎಂದು 2001ರಲ್ಲಿ ಫಿಶ್‌ಬಾಕರ್, ಗೇಷ್ಟರ್ ಮತ್ತು ಫೆರ್ ಹುಡುಕಿದರು. ಉಳಿದವರು ಇಷ್ಟು ಹಾಕಿದರೆ ನೀವೆಷ್ಟು ಹಾಕುತ್ತೀರಿ ಎಂದು ಪ್ರತಿಯೊಬ್ಬರಿಂದ ಮೊದಲೇ ಬರೆಸಿಕೊಂಡರು. ಸುಮಾರು ಅರ್ಧ ಜನ, ಬೇರೆಯವರು ಜಾಸ್ತಿ ಹಾಕಿದರೆ ನಾನೂ ಜಾಸ್ತಿ ಹಾಕುತ್ತೇನೆ ಎಂದರು. ಮೂರರಲ್ಲಿ ಒಂದು ಪಾಲಿನಷ್ಟು ಜನ ಏನೇ ಆದರೂ ಹಾಕುವುದಿಲ್ಲ ಎಂದರು. ಹುಂಡಿ ಬರಿದಾಗುವುದರ ಗುಟ್ಟು ಇಲ್ಲಿದೆ. ಕೂಡಿ ಬಾಳುವ ಮನಸ್ಸುಳ್ಳವರೂ ಸಾಮಾನ್ಯವಾಗಿ ಬೇರೆಯವರಿಗಿಂತ ಒಂಚೂರು ಕಡಿಮೆಯೇ ಹಾಕುತ್ತಾರೆ. ಪ್ರತಿ ಸುತ್ತಿನಲ್ಲೂ ಸರಾಸರಿ ಇಳಿಯುತ್ತದೆ. ಇಳಿದಿದ್ದನ್ನು ಕಂಡು ನಿರೀಕ್ಷೆ ಇಳಿಯುತ್ತದೆ. ಮನಸ್ಸು ಮೊದಲ ಸುತ್ತಿನಲ್ಲಿದ್ದಂತೆಯೇ ಇದೆ, ಹುಂಡಿ ಮಾತ್ರ ಬರಿದಾಗಿದೆ.

ಹಾಗಾದರೆ ದಂಡ ಹಾಕಿದರೆ ಸರಿ ಅಲ್ವಾ? ಕೆಲವೊಮ್ಮೆ ಸರಿ. ಮೇಲಿನ ಆಟದಲ್ಲೇ, ಸ್ವಂತ ಹಣ ಖರ್ಚು ಮಾಡಿ ಹಾಕದವರನ್ನು ಶಿಕ್ಷಿಸುವ ಅವಕಾಶ ಕೊಟ್ಟಾಗ ಹುಂಡಿ ತುಂಬಿತು. ಆದರೆ ದಂಡಕ್ಕೆ ಇನ್ನೊಂದು ಮುಖ ಇದೆ. ಇಸ್ರೇಲಿನ ಹೈಫಾದಲ್ಲಿ ಯೂರಿ ಗ್ನೀಜಿ ಮತ್ತು ಆಲ್ದೊ ರುಸ್ಟಿಕಿನಿ ಹತ್ತು ಶಿಶುವಿಹಾರಗಳನ್ನು ಗಮನಿಸಿ 2000ದಲ್ಲಿ ವರದಿ ಮಾಡಿದರು. ಮಕ್ಕಳನ್ನು ಕರೆದೊಯ್ಯಲು ಕೆಲವು ಪೋಷಕರು ತಡ ಮಾಡುತ್ತಿದ್ದರು. ಆರು ಶಿಶುವಿಹಾರಗಳಲ್ಲಿ ತಡ ಮಾಡಿದವರಿಗೆ ಸಣ್ಣ ದಂಡ ಶುರು ಮಾಡಿದರು. ತಡ ಮಾಡುವವರು ಕಡಿಮೆಯಾಗಲಿಲ್ಲ, ಹೆಚ್ಚುಕಡಿಮೆ ಎರಡು ಪಟ್ಟಾದರು. ಮೊದಲು ಟೀಚರಿಗೆ ತೊಂದರೆಯಾಗುತ್ತದೆ ಎಂಬ ಸಂಕೋಚ ಇತ್ತು. ಈಗ ದುಡ್ಡು ಕೊಟ್ಟಿದ್ದೇವೆ ಎಂಬ ಧೈರ್ಯ ಬಂತು. ದಂಡ ತೆಗೆದ ಮೇಲೂ ಹಳೆಯ ಸಂಕೋಚ ವಾಪಸ್ ಬರಲಿಲ್ಲ. ಊರಿನ ಕೆಲಸಕ್ಕೆ ಬಾರದವರಿಗೆ ನೂರಿನ್ನೂರು ರೂಪಾಯಿ ದಂಡ ಎಂದು ಠರಾವು ಮಾಡುವ ಮೊದಲು ಇದನ್ನು ಯೋಚಿಸಬೇಕು. ದಿನದ ಕೂಲಿ ಅದಕ್ಕಿಂತ ಜಾಸ್ತಿ ಇರುವಾಗ, ದಂಡ ಕಟ್ಟಿ ಮನೆಯಲ್ಲಿರುವುದೇ ಲಾಭ ಎಂದು ನಾವೇ ಹೇಳಿಕೊಟ್ಟಂತೆ.

ಮೀನುಗಾರಿಕೆ ನಿಷೇಧದ ಎರಡು ತಿಂಗಳು ಈ ಎಲ್ಲದಕ್ಕೂ ದೊಡ್ಡ ಉದಾಹರಣೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ ಅದು. ಬೈತಖೋಲ, ತದಡಿ ಬಂದರುಗಳಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಎರಡು ತಿಂಗಳ ದುಡಿಮೆ ಬಿಡುವುದು ಸಣ್ಣ ಮಾತಲ್ಲ. ಅದು ಸಾಧ್ಯವಾಗುವುದು, ನಾನು ಬಿಟ್ಟ ಮೀನನ್ನು ಇನ್ನೊಬ್ಬರು ಬಾಚಿಕೊಳ್ಳುವುದಿಲ್ಲ ಎಂಬ ನಂಬಿಕೆ ಇದ್ದರೆ. ಕಾರವಾರದವರಿಗೆ ಗಡಿಯಾಚೆ ಗೋವಾದಲ್ಲೂ ಅವೇ ದಿನಾಂಕ ಇರುವುದು ಈ ಕಾರಣಕ್ಕೆ ಬಹಳ ಮುಖ್ಯ. ಕಡಲಿನಲ್ಲಿ ಬೇಲಿ ಇಲ್ಲ. ಒಂದು ಕಡೆ ನಿಷೇಧ, ಇನ್ನೊಂದು ಕಡೆ ಸಡಿಲ ಎಂದಾದರೆ ಕಾನೂನು ಎಷ್ಟು ಬಿಗಿಯಾಗಿದ್ದರೂ ಮನಸ್ಸಿನಲ್ಲಿ ಅದು ಮುರಿದುಬಿದ್ದಿರುತ್ತದೆ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು. ಅಲ್ಲಿ ತೊಡಕಾಗುವುದೂ ಇದೇ. ರಾತ್ರಿ ದೂರದಲ್ಲೊಂದು ಬೆಳಕು ಕಂಡರೆ ಸಾಕು, "ಅವರು ಹಿಡೀತಾರೆ, ನಾವ್ಯಾಕೆ ಬಿಡಬೇಕು" ಎನ್ನುವ ಮಾತು ಹುಟ್ಟುತ್ತದೆ. ಆ ಮಾತು ಹೇಳುವವರು ಕಡಲಿನ ಮೇಲೆ ಪ್ರೀತಿ ಇಲ್ಲದವರಲ್ಲ.

ಬೇರೆಯವರ ಬಗ್ಗೆ ಸರಿಯಾದ ಸುದ್ದಿ ಸಿಕ್ಕರೆ ಯಾರ ಗುಣವೂ ಬದಲಾಗದೆ ನಡತೆ ಬದಲಾಗಬಹುದು. ನಮ್ಮ ದಕ್ಷಿಣದ ನೆರೆಯಲ್ಲೇ ಇದು ನಡೆದಿದೆ. 1997ರ ಜನವರಿಯ ಒಂದು ಬೆಳಿಗ್ಗೆ ಕೇರಳದ ವಡಗರದಲ್ಲಿ 11 ಮೀನುಗಾರರು ಕೊಳ್ಳುವವರಿಲ್ಲದೆ ಹಿಡಿದ ಮೀನನ್ನೆಲ್ಲ ಎಸೆಯುವ ಸ್ಥಿತಿಯಲ್ಲಿದ್ದರು. ಅದೇ ಹೊತ್ತಿಗೆ ಹದಿನೈದು ಕಿಲೋಮೀಟರ್ ಒಳಗೆ ಕೊಳ್ಳಲು ಬಂದ 27 ಜನ ಮೀನು ಸಿಗದೆ ವಾಪಸ್ ಹೊರಟಿದ್ದರು. ಯಾವ ದಂಡೆಯಲ್ಲಿ ಏನಿದೆ ಎನ್ನುವುದು ದೋಣಿಯವರಿಗೆ ತಿಳಿಯುತ್ತಿರಲಿಲ್ಲ. ಆಮೇಲೆ ಕರಾವಳಿಗೆ ಮೊಬೈಲ್ ಬಂತು. ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮೊಬೈಲ್ ಬಂದ ಮೇಲೆ ಮೀನುಗಾರರ ಲಾಭ ಸುಮಾರು 8 ಶೇಕಡಾ ಏರಿತು, ಕೊಳ್ಳುವವರ ಬೆಲೆ ಸುಮಾರು 4 ಶೇಕಡಾ ಇಳಿಯಿತು, ಮೀನು ಎಸೆಯುವುದು ಹೆಚ್ಚುಕಡಿಮೆ ನಿಂತೇಹೋಯಿತು.

ಆದರೆ ಯಾವ ಸುದ್ದಿ ಹೇಳುತ್ತೇವೆ ಎನ್ನುವುದರಲ್ಲಿ ಎಚ್ಚರ ಬೇಕು. ಅಮೆರಿಕದ ಅರಿಝೋನಾದಲ್ಲಿ ಕಲ್ಲಾಗಿ ಮಾರ್ಪಟ್ಟ ಪುರಾತನ ಮರಗಳ ಕಾಡೊಂದಿದೆ. ಪ್ರವಾಸಿಗರು ಚೂರುಗಳನ್ನು ಕದ್ದೊಯ್ಯುತ್ತಿದ್ದರು. ರಾಬರ್ಟ್ ಚಾಲ್ದಿನಿ ಮತ್ತು ಸಂಗಡಿಗರು ಬೇರೆ ಬೇರೆ ಫಲಕ ಹಾಕಿ ನೋಡಿದರು. ಬಹಳ ಜನ ಕದ್ದು ಕಾಡು ಹಾಳಾಗುತ್ತಿದೆ ಎಂದು ಬರೆದ ಫಲಕದ ಹತ್ತಿರ ಗುರುತು ಹಾಕಿಟ್ಟ ಚೂರುಗಳಲ್ಲಿ ಸುಮಾರು 8 ಶೇಕಡಾ ಕಳುವಾದವು. ದಯವಿಟ್ಟು ಒಯ್ಯಬೇಡಿ ಎಂದಷ್ಟೇ ಬರೆದ ಕಡೆ 2 ಶೇಕಡಾಕ್ಕೂ ಕಡಿಮೆ. ಬೇಸರದಿಂದ ಬರೆದ ಮಾತು, ಎಲ್ಲರೂ ಒಯ್ಯುತ್ತಾರೆ ಎನ್ನುವ ಅಂದಾಜನ್ನು ಹರಡಿತು.

ನಮ್ಮ ಊರುಗಳ ನೋಟಿಸ್ ಬೋರ್ಡಿನಲ್ಲೂ ಇಂಥ ಬೇಸರದ ಮಾತು ಎಷ್ಟು ಸಿಗುತ್ತದೆ! "ಬಹುತೇಕ ಮನೆಯವರು ನೀರಿನ ಕರ ಕಟ್ಟಿಲ್ಲ." "ಕಳೆದ ಸಲ ಶ್ರಮದಾನಕ್ಕೆ ಯಾರೂ ಬಂದಿಲ್ಲ." ಬರೆದವರ ಸಂಕಟ ನಿಜ. ಓದಿದವರಿಗೆ ಹೋಗುವ ಸುದ್ದಿ ಮಾತ್ರ, ನೀನೊಬ್ಬ ಬಂದರೂ ಪ್ರಯೋಜನ ಇಲ್ಲ ಎನ್ನುವುದು. ಕಟ್ಟೆ ಕೆಲಸದ ಹಿಂದಿನ ದಿನ ವಾಟ್ಸಾಪ್ ಗುಂಪಿಗೆ ಬರೆಯುವಾಗ, ಬರುತ್ತೇನೆ ಎಂದವರ ಹೆಸರನ್ನು ಮೊದಲು ಹಾಕಿ. ನಾಲ್ಕೇ ಹೆಸರಿದ್ದರೆ ನಾಲ್ಕನ್ನೇ ಹಾಕಿ, ಇಲ್ಲದ ಹೆಸರು ಸೇರಿಸಬೇಡಿ. ಸುಳ್ಳು ಪಟ್ಟಿ ನಂಬಿ ಬಂದವರು ಖಾಲಿ ಕಟ್ಟೆ ಕಂಡರೆ ಮುಂದಿನ ವರ್ಷ ನಿಜವಾದ ಪಟ್ಟಿಯನ್ನೂ ನಂಬುವುದಿಲ್ಲ. ಐವತ್ತು ಮನೆಯನ್ನು ಒಟ್ಟಿಗೆ ಕರೆಯುವ ಬದಲು ಐದೈದು ಮನೆಗೆ ಕಟ್ಟೆಯ ಒಂದೊಂದು ತುಂಡನ್ನು ವಹಿಸಿಕೊಡಿ. ಐದು ಜನಕ್ಕೆ ಒಬ್ಬರಿಗೊಬ್ಬರು ಫೋನ್ ಮಾಡಿ "ನೀ ಬರ್ತ್ಯಾ?" ಎಂದು ಕೇಳುವುದು ಸುಲಭ. ಒಂದು ತುಂಡಿನ ಕೆಲಸ ಮುಗಿದ ಕೂಡಲೇ ಅದರ ಫೋಟೊ ಗುಂಪಿಗೆ ಹಾಕಿದರೆ, ಮುಂದಿನ ತುಂಡಿನವರು ಗುದ್ದಲಿ ಹುಡುಕುತ್ತಾರೆ.